ಮಡಿಕೆಯ ಕೆಳಗಿನ ಹೆಸರು

ಆಗ ದ್ವೀಪಗಳಿಗೆ ಟೆಲಿಫೋನು ಇರಲಿಲ್ಲ, ನಾನಿದ್ದೆ.
ಸಂಜೆ ಏಳಕ್ಕೆ ಚಿಲೊಯೆಯ ಅಡುಗೆಮನೆಗಳಲ್ಲಿ
ಬ್ಯಾಟರಿ ರೇಡಿಯೊದ ಕಿವಿ ಹಿಂಡಿದರೆ ನನ್ನ ದನಿ:
"ಆಲಾವೊ ದ್ವೀಪದ ರೊಸೆಂದೊಗೆ, ಹಸು ಮಾರಾಟವಾಯಿತು,
ಗುರುವಾರ ಕುದುರೆ ತಂದು ದಡದಲ್ಲಿ ಕಾಯುವುದು."
"ದೋನ್ಯ ಎರ್ಮಿಂದಳಿಗೆ, ಮಗಳು ಹೆತ್ತಳು, ಗಂಡು. ಉಣ್ಣೆ ಕಳಿಸಿ."
ಹತ್ತೊಂಬತ್ತರ ಹುಡುಗಿ. ನನ್ನ ಮಾತಿಗಾಗಿ ಅಷ್ಟು ಜನ
ಚಮಚ ಕೆಳಗಿಡುತ್ತಾರೆಂಬ ಜಂಬ ಇತ್ತು,
ಸುಳ್ಳೇಕೆ ಹೇಳಲಿ.

ಇಲ್ಲಿ ಜುಲೈ ಎಂದರೆ ಚಳಿಗಾಲದ ನಟ್ಟನಡು.
ದೋಣಿ ಮಗುಚಿದ ಮರುದಿನ ಬಂದರಿನಿಂದ ಒಂದು ಹಾಳೆ,
ಮಡಿಚಿದ್ದು, ಒದ್ದೆ.
ಮೇಲೆ: ಸಿಕ್ಕವರು. ಆರು ಹೆಸರು.
ಕೆಳಗೆ: ಇನ್ನೂ ಹುಡುಕುತ್ತಿದ್ದೇವೆ.
ನಡುವಿನ ಆ ಸಾಲು ಮಡಿಕೆಗೆ ಸಿಕ್ಕಿ ಅಳಿಸಿತ್ತು
ಎಂದು ಎಲ್ಲರಿಗೂ ಹೇಳಿದೆ.
ಅಳಿಸಿರಲಿಲ್ಲ. ಆಮೇಲೆ ನೋಡಿದೆ, ಸರಿಯಾಗೇ ಇತ್ತು.
ಅವಸರದಲ್ಲಿ ಏಳು ಓದಿದ್ದೆ.
ಏಳನೆಯವನು ಒಲೆಗಾರಿಯೊ ಮಾನ್ಸಿಯ.

ಅವನ ಹೆಂಡತಿ ಕಾಂದೆಲಾರಿಯ ಆ ರಾತ್ರಿ
ಕುರಿಮರಿ ಕಡಿಸಿದಳಂತೆ. ನೆರೆಹೊರೆ ಕರೆದು
ಆಲೂಗಡ್ಡೆ ತುರಿದು, ಹಿಂಡಿ, ಮಿಲ್ಕಾವೊ ತಟ್ಟಿದಳಂತೆ.
ಅವನ ಉಣ್ಣೆಯ ಕಾಲುಚೀಲ ಒಲೆಯ ಮೇಲಿನ ತಂತಿಗೆ ಹಾಕಿ
ಬೆಚ್ಚಗಿಟ್ಟಳಂತೆ.
ಈ ಅಂತೆಗಳು ನನ್ನನ್ನು ಮುಟ್ಟಿದ್ದು ಒಂದೊಂದಾಗಿ,
ವರ್ಷಗಟ್ಟಲೆ, ಬಡ್ಡಿಯ ಹಾಗೆ.
ಕಾಲುಚೀಲದ್ದು ಕೊನೆಗೆ ಬಂತು, ಹನ್ನೊಂದನೆಯ ವರ್ಷ,
ಬಸ್ಸಿನಲ್ಲಿ, ನಾನು ಯಾರೆಂದು ತಿಳಿಯದ ಒಬ್ಬಳ ಬಾಯಿಂದ.
ಕಿಟಕಿಗೆ ಮುಖ ತಿರುಗಿಸಿ, ಪಾಪ, ಎಂದೆ.

ಕೆಲಸ ಬಿಟ್ಟೆ. ಯಾರೂ ಬಿಡಿಸಲಿಲ್ಲ.
ಕಪ್ಪೆಚಿಪ್ಪು ಬಿಡಿಸುವ ಕಾರ್ಖಾನೆ ಸೇರಿದೆ;
ಅಲ್ಲಿ ಮಾತು ಬೇಕಿಲ್ಲ, ಚಾಕು ಸಾಕು.
ಮದುವೆಯಲ್ಲಿ ಪಾದ್ರಿ ಒಪ್ಪಿಗೆಯೇ ಎಂದಾಗ ತಲೆಯಾಡಿಸಿದೆ.
ಬಾಯಿಬಿಟ್ಟು ಹೇಳಮ್ಮ, ಎಂದರು.
ಮಕ್ಕಳನ್ನು ಕೂಗುವ ಮುಂಚೆಯೂ
ಹೆಸರನ್ನು ಒಳಗೊಮ್ಮೆ ಓದಿಕೊಳ್ಳುತ್ತಿದ್ದೆ.
ಮಾನ್ಸಿಯ ಎಂಬ ಫಲಕದ ಒಂದು ಅಂಗಡಿ, ಅವರಿಗೇನೂ ಸಂಬಂಧವಿಲ್ಲ,
ಅದರ ಮುಂದೆ ಹಾಯಲಾರದೆ ಚರ್ಚು ಸುತ್ತಿ ಬ್ರೆಡ್ಡು ತಂದೆ,
ಇಪ್ಪತ್ತು ವರ್ಷ.
ಎಷ್ಟು ಹೆಜ್ಜೆ ಎಂದು ಈಗ ಲೆಕ್ಕ ಹಾಕಿದರೆ ನಗು ಬರುತ್ತದೆ.
ಆಗ ಬರುತ್ತಿರಲಿಲ್ಲ.

ಯಾವಾಗ ಸಡಿಲಾಯಿತೋ ಹೇಳಲಾರೆ.
ಒಂದು ಬೆಳಿಗ್ಗೆ ಬ್ರೆಡ್ಡು ಹಿಡಿದು ನಮ್ಮ ಬಾಗಿಲಲ್ಲಿ ನಿಂತಾಗ
ಹೊಳೆಯಿತು: ನೇರ ದಾರಿಯಲ್ಲೇ ಬಂದುಬಿಟ್ಟಿದ್ದೆ.
ಕಾಲಿಗೆ ನೋವಿತ್ತು, ಅಷ್ಟೆ.

ಕಾಂದೆಲಾರಿಯ ಸಿಕ್ಕಿದ್ದು ಅದಾದ ಮೇಲೆ, ದೋಣಿಯ ಸಾಲಿನಲ್ಲಿ.
ಹೋಗಿ ಹೇಳಿದೆ. ಮಡಿಕೆಯ ಮಾತು ಎತ್ತಲಿಲ್ಲ.
ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ,
"ನೀನೋ? ದನಿ ಒಡೆದಿದೆಯಲ್ಲೇ" ಎಂದಳು.
ಮತ್ತೆ, "ಆ ಕುರಿಮರಿ ಸಾಲದ್ದು. ತೀರಿಸಲು ಎರಡು ವರ್ಷ ಹಿಡಿಯಿತು."
ದುಡ್ಡು ಕೊಡಲೇ ಎಂದೆ.
"ಹುಚ್ಚಿ" ಎಂದು ಆಲೂಗಡ್ಡೆಯ ಚೀಲ ನನ್ನ ಕೈಗಿತ್ತು
ಟಿಕೇಟಿಗೆ ಜೇಬು ತಡಕಾಡಿದಳು.
ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.
ಚೀಲ ಭಾರವಾಗಿತ್ತು, ಅವಳು ನಿಧಾನವಾಗಿ ಹುಡುಕಿದಳು.

ಈಗ ಬಿರುಗಾಳಿಗೆ ಮೊಬೈಲು ಗೋಪುರ ಬಿದ್ದ ದಿನ
ರೇಡಿಯೊದ ಹುಡುಗರು ನನ್ನನ್ನು ಕರೆಯುತ್ತಾರೆ.
ಹಾಳೆಯನ್ನು ಪೂರ್ತಿ ಬಿಚ್ಚಿ, ಅಂಗೈಯಿಂದ ಮಡಿಕೆ ತೀಡಿ,
ಮೊದಲು ಮನಸ್ಸಿನಲ್ಲಿ, ಆಮೇಲೆ ಎರಡೆರಡು ಸಲ.
ಅಜ್ಜಿ, ಬೇಗ, ಎಂದು ಗಾಜಿನಾಚೆಯಿಂದ ಕೈಸನ್ನೆ.
ಕನ್ನಡಕ ಒರೆಸಿಕೊಳ್ಳುತ್ತೇನೆ.

"ಆಲಾವೊದ ಕಾಂದೆಲಾರಿಯಳಿಗೆ. ಕಾಂದೆಲಾರಿಯಳಿಗೆ.
ಬಿತ್ತನೆ ಆಲೂಗಡ್ಡೆ ಬಂದಿದೆ.
ಚೀಲ ಎರಡು.
ಎರಡು."